ಸುರಂಗ ಗೊತ್ತಿದ್ದ ಹುಡುಗನಿಗೆ ಡಿ ಪ್ಲಸ್ ಬಂದದ್ದೇಕೆ?

ಓದುಗರ ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಒಳನಾಡಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಸಮಾಜ ವಿಜ್ಞಾನ ಕಲಿಸುತ್ತೇನೆ. ಸೇರಿ ಮೂರು ವರ್ಷವಾಯಿತು. ಒಂಬತ್ತನೇ ತರಗತಿಯ ಇಬ್ಬರು ಮಕ್ಕಳ ವಿಷಯ ತಲೆ ಕೊರೆಯುತ್ತಿದೆ. ಓಣಂ ಪರೀಕ್ಷೆಯಲ್ಲಿ ಹುಡುಗಿಯೊಬ್ಬಳಿಗೆ ಎ ಪ್ಲಸ್ ಬಂತು. ‘ಲ್ಯಾಟರೈಟ್ ಎಂದರೇನು’ ಎಂಬುದಕ್ಕೆ ಅವಳು ಒಂದಕ್ಷರ ತಪ್ಪದೆ ಉತ್ತರ ಬರೆದಿದ್ದಳು. ಮರುದಿನ ಶಾಲೆಯ ಪಾಗಾರ ಗೋಡೆಯ ಮುರಕಲ್ಲು ತೋರಿಸಿ ‘ಇದು ಯಾವ ಕಲ್ಲು’ ಎಂದು ಕೇಳಿದೆ. ಸುಮ್ನೆ ನಿಂತಳು. ಇನ್ನೊಬ್ಬ ಹುಡುಗನ ಅಪ್ಪ ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ಸುರಂಗ ತೋಡುವ ಕೆಲಸ ಮಾಡುತ್ತಾರೆ. ಗುಡ್ಡದ ಯಾವ ಮಗ್ಗುಲಲ್ಲಿ ನೀರು ಸಿಗುತ್ತದೆ, ಯಾಕೆ ಸಿಗುತ್ತದೆ ಎಂದು ಅವನು ಅರ್ಧ ತುಳು, ಅರ್ಧ ಕನ್ನಡದಲ್ಲಿ ಚಂದ ಹೇಳುತ್ತಾನೆ. ಅವನಿಗೆ ಡಿ ಪ್ಲಸ್. ಅವನ ತಾಯಿ ಬಂದು ‘ಟೀಚರೇ, ಇವನಿಗೆ ತಲೆ ಇಲ್ವಾ?’ ಎಂದರು. ನನಗೆ ಮಾತು ಹೊರಡಲಿಲ್ಲ. ಅರ್ಥವಾಗಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಬರೆಯದೆ ಬಾಯಲ್ಲಿ ಹೇಳಿದ್ದಕ್ಕೆ ಅಂಕ ಕೊಟ್ಟರೆ ಪಕ್ಷಪಾತ ಆಗುವುದಿಲ್ಲವೇ? ನಮ್ಮ ಎಚ್‌ಎಂ ‘ಪಾಸಾಗುವಷ್ಟು ಬಾಯಿಪಾಠ ಮಾಡಿಸಿ, ಸಾಕು’ ಎನ್ನುತ್ತಾರೆ.

ಉತ್ತರ: ಟೀಚರೇ, ಮುಂದಿನ ಸಲ ಆ ತಾಯಿ ಸಿಕ್ಕಿದರೆ ಹೀಗೆ ಹೇಳಿ: ‘ಅಕ್ಕಾ, ಇವನಿಗೆ ತಲೆ ಉಂಟು. ನಾವು ಕೇಳಿದ್ದು ಬೇರೆ, ಇವನಿಗೆ ಗೊತ್ತಿದ್ದದ್ದು ಬೇರೆ.’ ತಡವಾದರೂ ಹೇಳಿಬಿಡಿ.

ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಒಂದಕ್ಕೊಂದು ಸುತ್ತಿಕೊಂಡಿವೆ. ಮಗುವಿಗೆ ಅರ್ಥವಾಗಿದೆಯೇ ಎಂದು ಕಂಡುಹಿಡಿಯುವುದು ಒಂದು. ಕಂಡುಹಿಡಿದದ್ದಕ್ಕೆ ಅಂಕ ಕೊಡುವುದು ಇನ್ನೊಂದು. ಮೊದಲನೆಯದು ಅಷ್ಟೇನೂ ಕಷ್ಟವಲ್ಲ. ಎರಡನೆಯದು ಮೂವತ್ತು ವರ್ಷ ಭೂಗೋಳ ಕಲಿಸಿ, ವ್ಯಾಲ್ಯುವೇಶನ್ ಕ್ಯಾಂಪುಗಳಲ್ಲಿ ಕೂತು ಕೂತು ಬೆನ್ನು ಬಗ್ಗಿಸಿಕೊಂಡ ನನಗೂ ಪ್ರತಿ ಸಲ ತಲೆನೋವೇ.

ಹುಡುಗಿಯ ಪೇಪರಿನಿಂದ ಶುರು ಮಾಡೋಣ. ‘ಲ್ಯಾಟರೈಟ್ ಎಂದರೇನು’ ಎಂದು ನೀವು ಕೇಳಿದಿರಿ. ಆ ಪ್ರಶ್ನೆಯ ನಿಜವಾದ ಅರ್ಥ ‘ಪುಸ್ತಕದ ಆ ಸಾಲು ನೆನಪಿದೆಯಾ’ ಎಂದು. ಅವಳಿಗೆ ನೆನಪಿತ್ತು, ಬರೆದಳು. ಅದರಲ್ಲಿ ಅವಳ ತಪ್ಪೇನೂ ಇಲ್ಲ. ಮನೆಯಲ್ಲಿ ಅವಳು ‘ಮುರಕಲ್ಲು’ ಎನ್ನುತ್ತಾಳೆ, ಪುಸ್ತಕ ‘ಲ್ಯಾಟರೈಟ್’ ಎನ್ನುತ್ತದೆ. ಎರಡೂ ಒಂದೇ ಎಂದು ಅವಳಿಗೆ ಯಾರೂ ಹೇಳಲಿಲ್ಲ. ತಮಾಷೆ ನೋಡಿ, ಆ ಇಂಗ್ಲಿಷ್ ಹೆಸರು ಹುಟ್ಟಿದ್ದೇ ಈ ಕರಾವಳಿಯ ಕಲ್ಲಿನಿಂದ. ಮಲಬಾರಿನ ಅಂಗಡಿಪುರದಲ್ಲಿ ಜನ ಇದನ್ನು ಹಸಿಯಿರುವಾಗ ಇಟ್ಟಿಗೆಯ ಹಾಗೆ ಕಡಿದು ತೆಗೆಯುವುದನ್ನು ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ನೋಡಿದ. ಲ್ಯಾಟಿನ್‌ನಲ್ಲಿ ಇಟ್ಟಿಗೆಗಿರುವ ಪದ ತೆಗೆದುಕೊಂಡು 1807ರಲ್ಲಿ ಈ ಹೆಸರು ಕೊಟ್ಟ. ಬೇಕಲ ಕೋಟೆ ಕಟ್ಟಿದ್ದು ಇದೇ ಕಲ್ಲಿನಿಂದ. ನಿಮ್ಮ ಶಾಲೆಯ ಪಾಗಾರವೂ ಅದೇ.

ಇನ್ನು ಹುಡುಗ. ಇಲ್ಲಿ ನಿಮಗೆ ಒಂದು ಎಚ್ಚರಿಕೆ ಹೇಳಲೇಬೇಕು. ಪುಸ್ತಕ ಗೊತ್ತಿಲ್ಲದೆ ಊರಿನ ವಿಷಯ ಗೊತ್ತಿರುವ ಮಗುವನ್ನು ಕಂಡರೆ ನಮಗೆ ಮನಸ್ಸು ಕರಗಿಬಿಡುತ್ತದೆ. ‘ಇವನೇ ನಿಜವಾದ ಭೂಗೋಳಶಾಸ್ತ್ರಜ್ಞ’ ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ತಿರುಗುತ್ತೇವೆ. ನಾನೂ ತಿರುಗಿದ್ದೇನೆ. ಆದರೆ ಅವನು ಹೇಳುತ್ತಿರುವುದು ತಿಳಿವಳಿಕೆಯೋ ಅಥವಾ ಅಪ್ಪನ ಮಾತಿನ ಬಾಯಿಪಾಠವೋ? ಅವಳು ಪುಸ್ತಕವನ್ನು ಉರು ಹೊಡೆದ ಹಾಗೆ ಇವನು ಅಪ್ಪನನ್ನು ಉರು ಹೊಡೆದಿರಬಹುದು. ಅದು ಗೊತ್ತಾಗಬೇಕಾದರೆ ಅವನನ್ನು ಅವನ ಗುಡ್ಡದಿಂದ ಆಚೆಗೆ ಕರೆದುಕೊಂಡು ಹೋಗಬೇಕು. ಪ್ರಶ್ನೆಯಲ್ಲಿ ಕರೆದುಕೊಂಡು ಹೋದರೆ ಸಾಕು.

ಕೋಲಾರದ ಕಡೆ ನೆಲದಡಿ ಗಟ್ಟಿ ಗ್ರಾನೈಟ್ ಬಂಡೆ. ‘ಅಲ್ಲಿ ನಿನ್ನ ಅಪ್ಪ ಸುರಂಗ ತೋಡಿದರೆ ನೀರು ಸಿಗುತ್ತದಾ? ಅಲ್ಲಿಯ ಜನ ಯಾಕೆ ಸುರಂಗ ಬಿಟ್ಟು ಕೆರೆ ಕಟ್ಟಿದರು?’ ಎಂದು ಕೇಳಿ. ಅಷ್ಟು ಹೇಳಿದರೆ ಬೀದರಿಗೆ ಹೋಗಿ. ಬೀದರ್ ಇರುವುದು ಮುರಕಲ್ಲಿನ ಹೊದಿಕೆಯ ಎತ್ತರದ ಬಯಲಿನ ಮೇಲೆ. ಅಲ್ಲಿ ಬಹಮನಿ ಕಾಲದ ನೆಲದಡಿ ಕಾಲುವೆ ಇದೆ, ಕರೇಜ್ ಎನ್ನುತ್ತಾರೆ, ಸುರಂಗ ಬಾವಿ ಎಂದೂ ಕರೆಯುತ್ತಾರೆ. ‘ಸಮುದ್ರದಿಂದ ಅಷ್ಟು ದೂರದ ಊರಿನಲ್ಲಿ ಇದು ಹೇಗೆ ಸಾಧ್ಯವಾಯಿತು?’ ಎಂದು ಕೇಳಿ. ಮೇಲೆ ತೂತು ತೂತಾದ ಮುರಕಲ್ಲು, ಅದರ ಮೂಲಕ ಮಳೆನೀರು ಇಳಿಯುತ್ತದೆ. ಕೆಳಗೆ ನೀರನ್ನು ಸುಲಭಕ್ಕೆ ಬಿಡದ ಪದರ, ನಮ್ಮಲ್ಲಾದರೆ ಜೇಡಿಮಣ್ಣು. ನೀರು ಅಲ್ಲಿ ನಿಂತು ಇಳಿಜಾರಿನ ಕಡೆಗೆ ಒಸರುತ್ತದೆ. ಆ ಒಸರಿಗೆ ಅಡ್ಡವಾಗಿ ಸುರಂಗ ಕೊರೆದರೆ ಪಂಪು ಬೇಡ, ನೀರು ತಾನಾಗಿ ಹೊರಗೆ ಹರಿಯುತ್ತದೆ. ಇದರ ಅರ್ಧವನ್ನಾದರೂ ಅವನು ಬೀದರಿಗೆ ಹೊಂದಿಸಿ ಹೇಳಿದರೆ ಅದು ತಿಳಿವಳಿಕೆ. ಕಲಿತದ್ದನ್ನು ಕಲಿಯದ ಜಾಗಕ್ಕೆ ಒಯ್ಯಲು ಬಂದರೆ ಅರ್ಥವಾಗಿದೆ ಎಂದು ಲೆಕ್ಕ. ನನಗೆ ಗೊತ್ತಿರುವ ಪರೀಕ್ಷೆ ಇದೊಂದೇ.

ಇದೇ ಪ್ರಶ್ನೆಗಳನ್ನು ಹುಡುಗಿಗೂ ಕೇಳಿ. ಮುರಕಲ್ಲು ಯಾವುದು ಎಂದು ಒಮ್ಮೆ ತೋರಿಸಿಕೊಟ್ಟರೆ ಅವಳೇ ಮುಂದೆ ಓಡಬಹುದು. ನನ್ನ ತರಗತಿಯಲ್ಲಿ ಹಾಗೆ ಓಡಿದವರು ಕಡಿಮೆಯೇನಿಲ್ಲ. ನೆನಪು ಎಂದರೆ ಕೀಳು ಎಂಬ ಒಂದು ನಂಬಿಕೆ ಟ್ರೈನಿಂಗ್ ಕ್ಲಾಸುಗಳಿಂದ ನಮಗೆ ಅಂಟಿಕೊಂಡಿದೆ. ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ ಮತ್ತು ಜೊತೆಗಾರರು ಕಲಿಕೆಯನ್ನು ಆರು ಮೆಟ್ಟಿಲಾಗಿ ಜೋಡಿಸಿ ‘ಜ್ಞಾನ’ವನ್ನು ತಳದಲ್ಲಿಟ್ಟರು. ಅದು 1956, ನಮ್ಮ ಕಾಸರಗೋಡು ಮದರಾಸು ರಾಜ್ಯದಿಂದ ಕೇರಳಕ್ಕೆ ಬಂದ ವರ್ಷವೇ. ತಳದಲ್ಲಿಟ್ಟದ್ದು ಮನೆಯ ಅಡಿಪಾಯದ ಹಾಗೆ, ಅದರ ಮೇಲೆ ಗೋಡೆ ಏಳಲಿ ಎಂದು. ಹೆಸರೇ ಗೊತ್ತಿಲ್ಲದ ಮಗು ನಾಳೆ ಇನ್ನೊಂದು ಪುಸ್ತಕ ಓದುವುದು ಹೇಗೆ? ಹಾಗಾಗಿ ಹೆಸರು ಕೇಳಿ, ವ್ಯಾಖ್ಯೆ ಕೇಳಿ. ಅಷ್ಟಕ್ಕೇ ನಿಲ್ಲಬೇಡಿ.

ನಕ್ಷೆಯಲ್ಲೂ ಇದೇ ಕಥೆ. ‘ಗುರುತಿಸಿರಿ’ ಎಂದ ಕೂಡಲೇ ನಕ್ಷೆಯ ಕೌಶಲ ಪರೀಕ್ಷಿಸಿದೆವು ಎಂದುಕೊಳ್ಳುತ್ತೇವೆ. ಮಗು ಅಲ್ಲಿ ಮಾಡುವುದು ಚುಕ್ಕೆ ಎಲ್ಲಿತ್ತು ಎಂದು ನೆನಪಿಸಿಕೊಳ್ಳುವುದು ಅಷ್ಟೇ. ಒಮ್ಮೆ ನಾನು ನೈಋತ್ಯ ಮಾನ್ಸೂನ್ ಬಗ್ಗೆ ಬಹಳ ಚಂದ ಬರೆದ ತರಗತಿಗೆ ಬರೀ ಒಂದು ಬಾಣ ಹಾಕಲು ಹೇಳಿದೆ. ಎಷ್ಟೋ ಮಕ್ಕಳ ಬಾಣ ನೆಲದಿಂದ ಅರಬ್ಬೀ ಸಮುದ್ರಕ್ಕೆ ಹೋಗಿತ್ತು! ‘ನೈಋತ್ಯ’ ಎಂದರೆ ಗಾಳಿ ಹೋಗುವ ದಿಕ್ಕು ಎಂದುಕೊಂಡಿದ್ದರು. ಗಾಳಿಗೆ ಹೆಸರು ಬರುವುದು ಅದು ಹೊರಟ ದಿಕ್ಕಿನಿಂದ ಎಂದು ಅವರಿಗೆ ಹೊಳೆದೇ ಇರಲಿಲ್ಲ. ಎರಡು ಪುಟದ ಉತ್ತರದಲ್ಲಿ ಅಡಗಿದ್ದ ತಪ್ಪು ಒಂದು ಬಾಣದಲ್ಲಿ ಹೊರಗೆ ಬಿತ್ತು.

ಇನ್ನೊಂದು ತಪ್ಪು ಕಲ್ಪನೆ ಹೊಳೆಗಳದ್ದು. ನಕ್ಷೆಯಲ್ಲಿ ‘ಕೆಳಗೆ’ ಇರುವ ದಕ್ಷಿಣಕ್ಕೇ ಹೊಳೆ ಹರಿಯುತ್ತದೆ ಎಂದು ಮಕ್ಕಳು ಒಳಗೊಳಗೇ ನಂಬಿರುತ್ತಾರೆ. ಪಯಸ್ವಿನಿ ಹುಟ್ಟುವುದು ಕೊಡಗಿನ ಬೆಟ್ಟಗಳಲ್ಲಿ, ಕಾವೇರಿ ಹುಟ್ಟುವುದೂ ಕೊಡಗಿನಲ್ಲೇ. ಪಯಸ್ವಿನಿಯ ನೀರು ಚಂದ್ರಗಿರಿ ಹೊಳೆಯಾಗಿ ಸುಮಾರು 105 ಕಿ.ಮೀ.ಗೆ ಪಡುಗಡಲು ಸೇರುತ್ತದೆ. ಕಾವೇರಿ ಸುಮಾರು 800 ಕಿ.ಮೀ. ನಡೆದು ಬಂಗಾಳ ಕೊಲ್ಲಿಗೆ ಹೋಗುತ್ತದೆ. ‘ನೆರೆಮನೆಯವರ ಹಾಗೆ ಹುಟ್ಟಿದ ಎರಡು ಹೊಳೆಗಳ ದಾರಿ ಇಷ್ಟು ಬೇರೆಯಾದದ್ದು ಯಾಕೆ? ಚಿತ್ರ ಬರೆದು ಹೇಳಿ’ ಎಂದು ಕೇಳಿದರೆ, ಘಟ್ಟದ ನೆತ್ತಿ, ಕಡಿದಾದ ಪಶ್ಚಿಮ, ಮೆಲ್ಲಗೆ ಇಳಿಯುವ ಪೂರ್ವ ಎಲ್ಲವೂ ಒಂದು ಗೆರೆಯಲ್ಲಿ ಕಾಣುತ್ತದೆ. ಚಿತ್ರ ಚಂದ ಇರಬೇಕಾಗಿಲ್ಲ. ಬಣ್ಣಕ್ಕೆ ಅಂಕ ಕೊಡಬೇಡಿ.

ಈಗ ಭಾಷೆ. ಕನ್ನಡ ಮಾಧ್ಯಮದ ನಮಗೆ ಇದು ಬರೀ ನೆಪವಲ್ಲ, ನಿಜವಾದ ಕಾರಣ. ಎಷ್ಟೋ ವರ್ಷದ ಹಿಂದೆ ಒಂದು ಪ್ರಶ್ನೆಪತ್ರಿಕೆಯಲ್ಲಿ ‘ವ್ಯವಸಾಯಗಳು ಒಂದೇ ಕಡೆ ಕೇಂದ್ರೀಕೃತವಾಗಲು ಕಾರಣವೇನು’ ಎಂಬ ಪ್ರಶ್ನೆ ಇತ್ತು. ನಮ್ಮ ಮಕ್ಕಳು ಭತ್ತ, ಅಡಿಕೆ, ಕರಿಮೆಣಸು ಎಂದು ಪುಟ ತುಂಬಿಸಿದರು. ಎಲ್ಲರಿಗೂ ಸೊನ್ನೆ. ಮಲಯಾಳದಲ್ಲಿ ವ್ಯವಸಾಯ ಎಂದರೆ ಕೈಗಾರಿಕೆ! ಅನುವಾದ ಮಾಡಿದವರ ಕಣ್ಣಿಗೆ ಅದು ಕನ್ನಡದ ಪದದ ಹಾಗೆಯೇ ಕಂಡಿತ್ತು, ಹಾಗೇ ಬಿಟ್ಟಿದ್ದರು. ಮಕ್ಕಳಿಗೆ ಭೂಗೋಳ ಗೊತ್ತಿತ್ತು. ಪ್ರಶ್ನೆಗೆ ಕನ್ನಡ ಗೊತ್ತಿರಲಿಲ್ಲ.

ಹವಾಮಾನ, ವಾಯುಗುಣ ಎಂಬ ಜೋಡಿಯನ್ನೂ ನೋಡಿ. ಇವತ್ತಿನ ಮಳೆ ಬಿಸಿಲು ಹವಾಮಾನ, ಹತ್ತಾರು ವರ್ಷಗಳ ಸರಾಸರಿ ವಾಯುಗುಣ ಎಂದು ಪಾಠ ಮಾಡುತ್ತೇವೆ. ಪೇಪರು, ಟಿವಿ ಎರಡಕ್ಕೂ ಹವಾಮಾನ ಎನ್ನುತ್ತವೆ. ಮಲಯಾಳದಲ್ಲಿ ‘ಕಾಲಾವಸ್ಥ’ ಎಂಬ ಮೂರನೆಯ ಪದ ಕಿವಿಗೆ ಬೀಳುತ್ತದೆ. ಮಗು ‘ಹವಾಮಾನ’ ಎಂದು ಬರೆದು ವಿವರಣೆಯಲ್ಲಿ ಸರಿಯಾಗಿ ಮೂವತ್ತು ವರ್ಷದ ಸರಾಸರಿ ಎಂದಿದ್ದರೆ ನಾನು ಅಂಕ ಕಡಿಯುವುದಿಲ್ಲ, ಪದವನ್ನು ಮಾತ್ರ ತಿದ್ದುತ್ತೇನೆ. ಹಾಗೆಯೇ ಪೂರ್ವ ಪಶ್ಚಿಮ ತಪ್ಪಿಸುವ ಮಗುವನ್ನು ತುಳುವಿನಲ್ಲಿ ಕೇಳಿ ನೋಡಿ. ಮೂಡಾಯಿ, ಪಡ್ಡಾಯಿ, ತೆನ್ಕಾಯಿ, ಬಡಕಾಯಿ ಎಂದು ಕಣ್ಣು ಮುಚ್ಚಿ ಕೈ ತೋರಿಸುತ್ತದೆ. ತೆಂಕುತಿಟ್ಟಿನ ಯಕ್ಷಗಾನ ನೋಡಿ ಬೆಳೆದ ಮಕ್ಕಳು, ತೆಂಕು ಯಾವ ಕಡೆ ಎಂದು ಗೊತ್ತಿರುವುದಿಲ್ಲವಾ?

ಇನ್ನು ಮಾಡುವುದೇನು? ನೀವು ಇಡೀ ಪ್ರಶ್ನೆಪತ್ರಿಕೆ ಬದಲಾಯಿಸುವ ಅಗತ್ಯ ಇಲ್ಲ. ಪ್ರತಿ ಯೂನಿಟ್ ಟೆಸ್ಟಿನಲ್ಲಿ ಪುಸ್ತಕದಲ್ಲಿ ನೇರ ಉತ್ತರ ಸಿಗದ ಒಂದು ಪ್ರಶ್ನೆ ಇರಲಿ. ಒಂದೇ ಸಾಕು. ನನ್ನ ಇಷ್ಟದ್ದು ಇದು: ‘ನಮ್ಮಲ್ಲಿ ವರ್ಷಕ್ಕೆ 3,000 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುತ್ತದೆ. ಆದರೂ ಏಪ್ರಿಲ್‌ನಲ್ಲಿ ನೀರಿಗೆ ತತ್ವಾರ ಯಾಕೆ?’ ಇದಕ್ಕೆ ಮಕ್ಕಳು ಹೇಗೆ ಬರೆಯುತ್ತಾರೆ ಎಂದು ಮಾದರಿ ಕೊಡುತ್ತೇನೆ.

ಒಬ್ಬ ಬರೆಯುತ್ತಾನೆ: ‘ಬೇಸಿಗೆಯಲ್ಲಿ ಮಳೆ ಇಲ್ಲ, ಅದಕ್ಕೆ ನೀರಿಲ್ಲ.’

ಇನ್ನೊಬ್ಬಳು: ‘ಮಳೆ ಜೂನ್‌ನಿಂದ ಸೆಪ್ಟೆಂಬರ್. ಗುಡ್ಡ ಜಾಸ್ತಿ. ಬೋರ್‌ವೆಲ್ ಜಾಸ್ತಿ. ಮುರಕಲ್ಲಿನಲ್ಲಿ ನೀರು ನಿಲ್ಲುವುದಿಲ್ಲ.’

ಮೂರನೆಯವಳು: ‘ಮಳೆ ಹೆಚ್ಚಿನದ್ದು ನಾಲ್ಕೇ ತಿಂಗಳಲ್ಲಿ ಬೀಳುತ್ತದೆ. ನಮ್ಮ ಹೊಳೆಗಳು ಗಿಡ್ಡ, ಇಳಿಜಾರು ಜಾಸ್ತಿ, ಆದ್ದರಿಂದ ಆ ನೀರು ಬೇಗ ಸಮುದ್ರಕ್ಕೆ ಹೋಗುತ್ತದೆ. ಮುರಕಲ್ಲು ಕುಡಿದ ನೀರೂ ಒರತೆಯಾಗಿ ಹೊರಗೆ ಹೋಗುತ್ತದೆ. ಅದಕ್ಕೇ ತೋಡಿಗೆ ಕಟ್ಟ ಹಾಕಿದ ಕಡೆ ಬಾವಿ ಬೇಗ ಬತ್ತುವುದಿಲ್ಲ.’

ಐದು ಸ್ಕೋರಿನ ಪ್ರಶ್ನೆ ಎಂದುಕೊಳ್ಳಿ. ನಾವು ಕ್ಯಾಂಪಿನಲ್ಲಿ ಮಾಡುವ ಹಾಗೆ ಒಂದು ಅಂಶಕ್ಕೆ ಒಂದು ಸ್ಕೋರ್ ಎಂದು ಎಣಿಸಿದರೆ ಎರಡನೆಯವಳಿಗೂ ಮೂರನೆಯವಳಿಗೂ ನಾಲ್ಕು ನಾಲ್ಕೇ ಬರುತ್ತದೆ. ಎರಡನೆಯವಳು ಕಾರಣಗಳನ್ನು ಬುಟ್ಟಿಗೆ ಹಾಕಿದ್ದಾಳೆ. ಮೂರನೆಯವಳು ಹೂವಿನ ಹಾಗೆ ಪೋಣಿಸಿದ್ದಾಳೆ. ‘ಆದ್ದರಿಂದ’, ‘ಅದಕ್ಕೇ’ ಎಂಬ ಪದಗಳು ಎಲ್ಲಿ ಬಂದಿವೆ ಎಂದು ನೋಡಿ. ಹಾಗಾಗಿ ನಾನು ಎಣಿಸುವುದು ಬಿಟ್ಟು ಮೂರು ಹಂತ ಇಟ್ಟುಕೊಂಡೆ. ಒಂದೇ ಕಾರಣಕ್ಕೆ ಒಂದು ಅಥವಾ ಎರಡು, ಬಿಡಿ ಬಿಡಿ ಹಲವು ಕಾರಣಗಳಿಗೆ ಮೂರು, ಒಂದಕ್ಕೊಂದು ಕೊಂಡಿ ಹಾಕಿದ್ದರೆ ನಾಲ್ಕು ಅಥವಾ ಐದು. ಈ ಹಂತಗಳನ್ನು ಪ್ರಶ್ನೆ ತಯಾರಿಸುವ ದಿನವೇ ಬರೆದಿಡಿ, ಪೇಪರ್ ಕೈಗೆ ಬಂದ ಮೇಲೆ ಅಲ್ಲ. ಪಕ್ಷಪಾತದ ಭಯಕ್ಕೆ ಇದೇ ಮದ್ದು. ಇನ್ನೂ ಅನುಮಾನ ಇದ್ದರೆ ಹತ್ತು ಪೇಪರುಗಳನ್ನು ಹೆಸರು ಮಡಚಿ ಇನ್ನೊಬ್ಬ ಟೀಚರಿಗೆ ಕೊಡಿ. ಇಬ್ಬರ ಸ್ಕೋರೂ ತುಂಬಾ ದೂರ ಇದ್ದರೆ ನಿಮ್ಮ ಹಂತಗಳು ಸ್ಪಷ್ಟವಾಗಿಲ್ಲ ಎಂದರ್ಥ.

ಇದರಲ್ಲಿ ಅಪಾಯವೂ ಇದೆ. ಮುಂದಿನ ವರ್ಷ ಅದೇ ಪ್ರಶ್ನೆ ಕೇಳಿದರೆ ಅದೂ ಬಾಯಿಪಾಠವಾಗಿರುತ್ತದೆ. ಟ್ಯೂಷನ್ ಸೆಂಟರುಗಳು ‘ಏಪ್ರಿಲ್ ನೀರು’ ಎಂದು ನೋಟ್ಸೇ ಮಾಡಿಬಿಡುತ್ತವೆ. ಪ್ರಶ್ನೆ ಬದಲಾಗುತ್ತಲೇ ಇರಬೇಕು. ಅದು ನಿಮಗೆ ಕೆಲಸ.

ಬಾಯಲ್ಲಿ ಕೇಳುವುದು ಎರಡನೆಯ ದಾರಿ. ನಿಮ್ಮ ಹುಡುಗನಂಥವರಿಗೆ ಇದು ವರ. ಆದರೆ ನಲವತ್ತು ಮಕ್ಕಳಿಗೆ ಮೂರು ಮೂರು ನಿಮಿಷ ಎಂದರೆ ಎರಡು ಗಂಟೆ, ಅಂದರೆ ಸುಮಾರು ಮೂರು ಪೀರಿಯಡ್. ಹಾಗಾಗಿ ಎಲ್ಲರನ್ನೂ ಒಂದೇ ದಿನ ಕೇಳಬೇಡಿ. ಉಳಿದವರು ಬರೆಯುತ್ತಿರುವಾಗ ದಿನಕ್ಕೆ ಮೂವರನ್ನು ಕರೆಯಿರಿ. ಎಲ್ಲರಿಗೂ ಒಂದೇ ಪ್ರಶ್ನೆ, ಯಾವ ಭಾಷೆಯಲ್ಲಾದರೂ ಉತ್ತರ. ಅಲ್ಲೇ ಹಂತ ಬರೆದುಕೊಳ್ಳಿ, ಸಂಜೆಗೆ ಎಂದು ಇಟ್ಟರೆ ಮರೆತುಹೋಗುತ್ತದೆ. ನಾಚಿಕೆಯ ಮಕ್ಕಳು ಇಲ್ಲಿ ಸೋಲುತ್ತಾರೆ, ಅವರಿಗೆ ಬರೆದದ್ದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಹುಡುಗನಿಗೆ ಬಾಯಿಯ ದಾರಿ, ನಾಚಿಕೆಯವರಿಗೆ ಪೆನ್ನಿನ ದಾರಿ. ಇಬ್ಬರಿಗೂ ಎರಡೂ ತೆರೆದಿಟ್ಟರೆ ಪಕ್ಷಪಾತದ ಮಾತು ಬರುವುದಿಲ್ಲ. ಒಬ್ಬನಿಗೆ ಮಾತ್ರ ತೆರೆದರೆ ಖಂಡಿತ ಬರುತ್ತದೆ.

ಪ್ರಾಜೆಕ್ಟಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪೇಟೆಯ ಡಿಟಿಪಿ ಅಂಗಡಿಯವರಿಗೆ ನಮ್ಮ ಮಕ್ಕಳ ಪ್ರಾಜೆಕ್ಟುಗಳು ನಮಗಿಂತ ಚೆನ್ನಾಗಿ ಗೊತ್ತು. ಕೊಡುವಾಗ ಎದುರು ಕೂರಿಸಿ ಎರಡು ಪ್ರಶ್ನೆ ಕೇಳಿ, ಸ್ಕೋರ್ ಆ ಉತ್ತರಕ್ಕೆ ಕೊಡಿ.

ಮಾಡಿ ನೋಡುವ ಕೆಲಸಗಳಲ್ಲಿ ಕೋಲಿನ ನೆರಳಿಗೆ ಸಾಟಿ ಇಲ್ಲ. ರೇಖಾಂಶಕ್ಕೆ ನಾಲ್ಕು ನಿಮಿಷ ಎಂಬ ಲೆಕ್ಕ ಹಾಕಿ ಟೋಕಿಯೊದ ಸಮಯ ತೆಗೆಯುವ ಮಕ್ಕಳಿದ್ದಾರೆ. ಅವರನ್ನೇ ‘ನಮ್ಮ ಅಂಗಳದಲ್ಲಿ ನೆರಳು ಅತಿ ಗಿಡ್ಡವಾಗುವುದು ಎಷ್ಟು ಗಂಟೆಗೆ’ ಎಂದು ಕೇಳಿ. ‘ಹನ್ನೆರಡಕ್ಕೆ’ ಎನ್ನುತ್ತಾರೆ. ಒಂದು ಕೋಲು ನೆಟ್ಟು, ಹನ್ನೊಂದೂಮುಕ್ಕಾಲರಿಂದ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಗುರುತು ಹಾಕಿಸಿ. ಡಿಸೆಂಬರ್ ಕೊನೆಯ ಹೊತ್ತಿಗಾದರೆ ಸುಮಾರು ಹನ್ನೆರಡೂವರೆಗೆ ನೆರಳು ಅತಿ ಗಿಡ್ಡ. ಬೇರೆ ತಿಂಗಳಲ್ಲಿ ಕೆಲವು ನಿಮಿಷ ಹಿಂದೆ ಮುಂದೆ. ‘ಗಡಿಯಾರ ತಪ್ಪು’ ಎಂದು ಒಬ್ಬನಾದರೂ ಹೇಳಿಯೇ ಹೇಳುತ್ತಾನೆ. ಆಗ ಸುಮ್ಮನಿರಿ. ನಮ್ಮ ಗಡಿಯಾರ ನಡೆಯುವುದು 82½ ಡಿಗ್ರಿ ಪೂರ್ವ ರೇಖಾಂಶಕ್ಕೆ, ಕಾಸರಗೋಡು ಇರುವುದು ಹೆಚ್ಚುಕಡಿಮೆ 75 ಡಿಗ್ರಿಯಲ್ಲಿ. ಏಳೂವರೆಗೆ ನಾಲ್ಕರಂತೆ ಮೂವತ್ತು ನಿಮಿಷ. ಇದನ್ನು ನೀವು ಹೇಳದೆ ಯಾರು ಹೇಳುತ್ತಾರೋ ಅವರಿಗೆ ಪೂರ್ತಿ ಸ್ಕೋರ್. ಆಮೇಲೆ ಒಂದು ಕೊಸರು ಪ್ರಶ್ನೆ: ‘ಈಗ ನಡುಹಗಲ ನೆರಳು ಬಡಗು ದಿಕ್ಕಿಗೆ ಬಿದ್ದಿದೆ, ಜೂನ್‌ನಲ್ಲಿ ಎಲ್ಲಿಗೆ ಬೀಳುತ್ತದೆ?’ ನಾವು ಹನ್ನೆರಡೂವರೆ ಡಿಗ್ರಿ ಉತ್ತರದಲ್ಲಿದ್ದೇವೆ. ಜೂನ್‌ನಲ್ಲಿ ಸೂರ್ಯ ನಮ್ಮನ್ನು ದಾಟಿ ಇನ್ನೂ ಉತ್ತರಕ್ಕೆ, ಇಪ್ಪತ್ತಮೂರೂವರೆ ಡಿಗ್ರಿಗೆ ಹೋಗಿರುತ್ತಾನೆ. ನೆರಳು ತೆಂಕಿಗೆ. ಜೂನ್ ಮಳೆಯಲ್ಲಿ ಅದನ್ನು ನೋಡಿದವರು ಕಡಿಮೆ, ಆದ್ದರಿಂದ ನೆನಪಿನಿಂದ ಹೇಳಲು ಆಗುವುದಿಲ್ಲ. ಯೋಚಿಸಿಯೇ ಹೇಳಬೇಕು.

ನಿಮ್ಮ ಎಚ್‌ಎಂ ಹೇಳುವುದನ್ನೂ ತಳ್ಳಿಹಾಕಬೇಡಿ. ಅವರ ಭಯಕ್ಕೆ ಕಾರಣ ಇದೆ. 2024-25ರಲ್ಲಿ ಎಂಟನೇ ತರಗತಿಯಿಂದ ಶುರುವಾಗಿ ಲಿಖಿತ ಪರೀಕ್ಷೆಗೆ ಪ್ರತಿ ವಿಷಯದಲ್ಲಿ ಕನಿಷ್ಠ ಶೇ 30 ಬೇಕು ಎಂಬ ನಿಯಮ ಬಂತು. ಎಸ್‌ಎಸ್‌ಎಲ್‌ಸಿಯ ಸಮಾಜ ವಿಜ್ಞಾನದಲ್ಲಿ ಬರೆಯುವುದಕ್ಕೆ 80, ನಿರಂತರ ಮೌಲ್ಯಮಾಪನಕ್ಕೆ 20. ಆ ಇಪ್ಪತ್ತನ್ನು ಎಷ್ಟೋ ಕಡೆ ಎಲ್ಲರಿಗೂ ಪೂರ್ತಿ ಕೊಟ್ಟುಬಿಡುತ್ತೇವೆ. ನಾನೂ ಕೊಟ್ಟಿದ್ದೇನೆ, ಮಕ್ಕಳಿಗೆ ಅನ್ಯಾಯ ಆಗಬಾರದು ಎಂದು. ಆದರೆ ಎಲ್ಲರಿಗೂ ಇಪ್ಪತ್ತು ಕೊಟ್ಟರೆ ಆ ಇಪ್ಪತ್ತು ಯಾರ ಬಗ್ಗೆಯೂ ಏನೂ ಹೇಳುವುದಿಲ್ಲ. ನಿಮ್ಮ ಹುಡುಗನ ಸುರಂಗದ ಮಾತಿಗೆ ಜಾಗ ಇರುವುದು ಅಲ್ಲಿಯೇ. ಉಳಿದ ಎಂಬತ್ತಕ್ಕೆ ಅವನು ಬರೆಯಲೇಬೇಕು, ಅದರಿಂದ ಅವನನ್ನು ತಪ್ಪಿಸಲು ನಿಮ್ಮ ಕೈಯಲ್ಲಿ ಆಗುವುದಿಲ್ಲ.

ಹಾಗಾಗಿ ಓಣಂ ಪೇಪರಿನ ಸ್ಕೋರ್ ಈಗ ತಿದ್ದಬೇಡಿ. ಅವನು ಬರೆಯದ್ದಕ್ಕೆ ಅಲ್ಲಿ ಅಂಕ ಕೊಟ್ಟರೆ ತಪ್ಪಾಗುತ್ತದೆ. ಬದಲಿಗೆ ವಾರಕ್ಕೊಂದು ದಿನ ಅವನನ್ನೂ ಆ ಹುಡುಗಿಯನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ. ಅವನು ತುಳುವಿನಲ್ಲಿ ಹೇಳಲಿ, ಅವಳು ಪುಸ್ತಕದ ಪದ ಹಾಕಿ ಬರೆಯಲಿ. ‘ಒಸರು’ ಎಂದರೆ ಅವಳು ‘ಅಂತರ್ಜಲ’ ಎನ್ನಲಿ. ಆಮೇಲೆ ಅವಳು ಬರೆದದ್ದನ್ನು ಅವನು ಓದಿ ‘ಇದು ಹಾಗಲ್ಲ’ ಎಂದು ಜಗಳ ತೆಗೆಯಲಿ. ನಾಲ್ಕೈದು ವಾರದ ನಂತರ ಇಬ್ಬರೂ ಬೇರೆ ಬೇರೆ ಕೂತು ಬೀದರಿನ ಪ್ರಶ್ನೆಗೆ ಬರೆಯಲಿ. ಕ್ರಿಸ್ಮಸ್ ಪರೀಕ್ಷೆಗೆ ಮೊದಲು ಇಷ್ಟು ಮಾಡಲು ಸಮಯ ಇದೆ.

ಕೋಲಿನ ನೆರಳಿನ ಕೆಲಸ ಮಾಡುವುದಿದ್ದರೆ ಎಚ್‌ಎಂ ಹತ್ರ ಮೊದಲೇ ಹೇಳಿಡಿ. ಹನ್ನೆರಡೂವರೆ ದಾಟಿ ಇನ್ನೂ ಎರಡು ಮೂರು ಗುರುತು ಬೇಕು, ಇಲ್ಲದಿದ್ದರೆ ಯಾವುದು ಗಿಡ್ಡ ಎಂದು ತಿಳಿಯುವುದಿಲ್ಲ. ಆ ಹೊತ್ತಿಗೇ ಊಟದ ಬೆಲ್ ಹೊಡೆದರೆ ಅಂಗಳದಲ್ಲಿ ಕೋಲು ಬಿಟ್ಟು ಬೇರೆ ಯಾರೂ ಇರುವುದಿಲ್ಲ.